ನಾಲ್ಕೇ ಸಾಮಗ್ರಿ, ಒಂದಿಷ್ಟು ತಾಳ್ಮೆ: ಮನೆಯಲ್ಲೇ ಫ್ರೆಂಚ್ ಬ್ರೆಡ್



ಬ್ರೆಡ್ ಅಂದರೆ ಬೇಕರಿಯಿಂದ ತರೋದು, ಮನೆಯಲ್ಲಿ ಮಾಡುವಂಥದ್ದಲ್ಲ ಎಂಬುದು ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ. ನಾವೂ ಹಾಗೇ ಅಂದುಕೊಂಡಿದ್ದೆವು. ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸದಸ್ಯೆಯರ ಜೊತೆ ಕುಳಿತು ಮೊದಲ ಬಾರಿ ಫ್ರೆಂಚ್ ಬ್ರೆಡ್ ಮಾಡಲು ಹೊರಟಾಗ, ಯೀಸ್ಟ್ ಬೇಗ ಉಬ್ಬಲಿ ಎಂದು ನಾವೇ ಕುದಿಯುವ ನೀರು ಸುರಿದುಬಿಟ್ಟೆವು. ಎರಡು ಗಂಟೆ ಕಾದರೂ ಹಿಟ್ಟು ಏಳಲಿಲ್ಲ. ಆದರೂ ಓವನ್‌ನಲ್ಲಿ ಇಟ್ಟೆವು. ಹೊರಗೆ ಬಂದದ್ದು ಕಲ್ಲು! ಒಂದು ಕಿಲೋ ಮೈದಾ ದಂಡವಾಯಿತು. "ಸಿಸ್ಟರ್, ಇದು ನಮ್ಮಂಥವರ ಕೈಗೆ ಹತ್ತುವ ಕೆಲಸ ಅಲ್ಲ" ಅಂತ ಒಬ್ಬರು ಅಕ್ಕ ಎದ್ದೇ ಹೋದರು. ತಪ್ಪು ಅವರ ಕೈಯದ್ದಲ್ಲ, ನೀರಿನ ಬಿಸಿಯದ್ದು ಎಂದು ಹೇಳುವಷ್ಟು ತಿಳಿವಳಿಕೆ ಅಂದು ನಮಗೂ ಇರಲಿಲ್ಲ.

ಅದಕ್ಕೇ ಇಲ್ಲಿ ಮಾಡುವ ವಿಧಾನದ ಜೊತೆಗೆ, ಪ್ರತಿ ಹಂತದಲ್ಲೂ "ಯಾಕೆ" ಎಂಬುದನ್ನೂ ಬರೆದಿದ್ದೇವೆ. ಯಾಕೆ ಅಂತ ಗೊತ್ತಿದ್ದರೆ ಹಿಟ್ಟೂ ಹಾಳಾಗೋದಿಲ್ಲ, ಧೈರ್ಯವೂ ಹೋಗೋದಿಲ್ಲ.

ಫ್ರೆಂಚ್ ಬ್ರೆಡ್ ಅಂದರೆ ಏನು?

ಫ್ರಾನ್ಸ್ ದೇಶದಲ್ಲಿ ದಿನನಿತ್ಯ ತಿನ್ನುವ ಉದ್ದನೆಯ ಬ್ರೆಡ್ ಇದು. ಅಲ್ಲಿ ಇದಕ್ಕೆ "ಬಾಗೆಟ್" ಎನ್ನುತ್ತಾರೆ, ಕೋಲು ಎಂದರ್ಥ. ಸುಮಾರು ಎರಡು ಅಡಿ ಉದ್ದ, 250 ಗ್ರಾಂ ತೂಕ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ನಮ್ಮ ಬೇಕರಿಯ ಸಿಹಿ ಬ್ರೆಡ್ಡಿನಲ್ಲಿ ಸಕ್ಕರೆ, ಡಾಲ್ಡಾ ಅಥವಾ ಎಣ್ಣೆ ಇರುತ್ತದೆ. ಇದರಲ್ಲಿ ಅದೇನೂ ಇಲ್ಲ. ಹಿಟ್ಟು, ನೀರು, ಉಪ್ಪು, ಯೀಸ್ಟ್, ಅಷ್ಟೇ. 1993ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಆದೇಶವನ್ನೇ ಹೊರಡಿಸಿ, "ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್" ಎಂಬ ಹೆಸರಿನಲ್ಲಿ ಮಾರುವ ಬ್ರೆಡ್ಡಿಗೆ ರಾಸಾಯನಿಕ ಸೇರಿಸಬಾರದು, ಅದರ ಹಿಟ್ಟನ್ನು ಫ್ರೀಜ್ ಮಾಡಬಾರದು ಎಂದು ನಿಯಮ ಮಾಡಿತು. 2022ರಲ್ಲಿ ಬಾಗೆಟ್ ಮಾಡುವ ಕೌಶಲವನ್ನು ಯುನೆಸ್ಕೋ ಸಂಸ್ಥೆ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮಗೆ ಅನ್ನ, ಮುದ್ದೆ, ರೊಟ್ಟಿ ಇದ್ದ ಹಾಗೆ ಹಿಂದೆ ಅಲ್ಲಿನ ಬಡವರಿಗೆ ಬ್ರೆಡ್ಡೇ ಊಟವಾಗಿತ್ತು. ಅದು ಸಿಗದೆ ಹೋದಾಗ ಏನಾಯಿತು ನೋಡಿ. 1789ರ ಅಕ್ಟೋಬರ್ 5ರಂದು ಪ್ಯಾರಿಸ್ ಮಾರುಕಟ್ಟೆಯ ಸಾವಿರಾರು ಹೆಂಗಸರು ಬ್ರೆಡ್ಡಿನ ಅಭಾವ ಮತ್ತು ಬೆಲೆ ತಾಳಲಾರದೆ, ಮಳೆಯಲ್ಲೇ ಸುಮಾರು 20 ಕಿಲೋಮೀಟರ್ ನಡೆದು ವರ್ಸೈಲ್ಸ್ ಅರಮನೆಗೆ ಹೋಗಿ ರಾಜನನ್ನೇ ಕೇಳಿದರು. ಮರುದಿನ ರಾಜ ತನ್ನ ಕುಟುಂಬ ಸಮೇತ ಅವರ ಜೊತೆ ಪ್ಯಾರಿಸ್‌ಗೆ ಬರಬೇಕಾಯಿತು. ಮನೆಯ ಒಲೆಯ ಲೆಕ್ಕ ಗೊತ್ತಿದ್ದ ಹೆಂಗಸರ ಕೆಲಸ ಅದು.

ಬೇಕಾಗುವ ಸಾಮಗ್ರಿಗಳು (ಮೂರು ಸಣ್ಣ ಬ್ರೆಡ್ಡಿಗೆ)

ಮೈದಾ: 500 ಗ್ರಾಂ
ನೀರು: 325 ಮಿ.ಲೀ.
ಪುಡಿ ಉಪ್ಪು: ಒಂದೂವರೆ ಟೀ ಚಮಚ
ಒಣ ಯೀಸ್ಟ್: ಒಂದು ಟೀ ಚಮಚ
ಸಕ್ಕರೆ: ಒಂದು ಚಿಟಿಕೆ (ಯೀಸ್ಟ್ ಪರೀಕ್ಷೆಗೆ ಮಾತ್ರ)

ಮೈದಾ ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟು ಅಂತ ಬರೆದಿರುತ್ತದೆ. 100 ಗ್ರಾಂಗೆ 10 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರುವುದನ್ನು ಆರಿಸಿ. ಗೋಧಿಯ ಪ್ರೋಟೀನು ನೀರು ಸೇರಿದಾಗ ರಬ್ಬರಿನಂಥ ಅಂಟಾಗುತ್ತದೆ. ಇದಕ್ಕೆ ಗ್ಲುಟೆನ್ ಅಂತ ಹೆಸರು. ಬ್ರೆಡ್ ಉಬ್ಬಿ ನಿಲ್ಲುವುದು ಇದರ ಬಲದಿಂದಲೇ. ಅಕ್ಕಿ, ರಾಗಿ, ಜೋಳದಲ್ಲಿ ಈ ಅಂಟು ಇಲ್ಲ, ಹಾಗಾಗಿ ಅವುಗಳಿಂದ ಈ ಬ್ರೆಡ್ ಬರುವುದಿಲ್ಲ.

ಮಾಡುವ ವಿಧಾನ

1. ಯೀಸ್ಟ್ ಪರೀಕ್ಷೆ: ಅಳೆದಿಟ್ಟ ನೀರಿನಿಂದ ಕಾಲು ಲೋಟ ತೆಗೆದು ಉಗುರು ಬೆಚ್ಚಗೆ ಮಾಡಿ, ಸಕ್ಕರೆ ಮತ್ತು ಯೀಸ್ಟ್ ಹಾಕಿ 10 ನಿಮಿಷ ಬಿಡಿ. ನೊರೆ ಬಂದರೆ ಯೀಸ್ಟ್ ಜೀವಂತ ಇದೆ. ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ, ಹೊಸ ಯೀಸ್ಟ್ ತನ್ನಿ, ಮೈದಾ ಉಳಿಯಿತಲ್ಲ! ಯೀಸ್ಟ್ ಒಂದು ಸೂಕ್ಷ್ಮ ಜೀವಿ. ಹಿಟ್ಟಿನಲ್ಲಿರುವ ಸಕ್ಕರೆ ಅಂಶ ತಿಂದು ಗಾಳಿ ಬಿಡುತ್ತದೆ, ಆ ಗಾಳಿಯಿಂದ ಹಿಟ್ಟು ಏಳುತ್ತದೆ. ಹೀಗೆ ಹುದುಗು ಬರುವುದು ಜೀವಿಗಳ ಕೆಲಸ ಎಂದು 1850ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನವರೇ ಆದ ವಿಜ್ಞಾನಿ ಲೂಯಿ ಪಾಶ್ಚರ್. 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಯೀಸ್ಟ್ ಸಾಯುತ್ತದೆ. ಥರ್ಮಾಮೀಟರ್ ಬೇಡ, ಕೂಸಿಗೆ ಸ್ನಾನ ಮಾಡಿಸುವ ನೀರಿನಷ್ಟು ಬಿಸಿ ಇದ್ದರೆ ಸಾಕು.

2. ಕಲಸುವುದು: ಮೈದಾಕ್ಕೆ ಯೀಸ್ಟ್ ನೀರು, ಉಳಿದ ನೀರು ಹಾಕಿ ಒಣ ಹಿಟ್ಟು ಕಾಣದಂತೆ ಕಲಸಿ, ಮುಚ್ಚಿ 20 ನಿಮಿಷ ಬಿಡಿ. ಉಪ್ಪು ಈಗಲೇ ಬೇಡ. ಈ ಬಿಡುವಿನಲ್ಲಿ ಅಂಟು ತಾನಾಗಿಯೇ ಕೂಡಿಕೊಳ್ಳುತ್ತದೆ, ನಾದುವ ಶ್ರಮ ಅರ್ಧ ಕಡಿಮೆ. ಹಿಟ್ಟಿಗೆ ಹೀಗೆ ಬಿಡುವು ಕೊಡುವುದನ್ನು ಬೇಕರಿಯವರಿಗೆ ಕಲಿಸಿದವರು ಫ್ರಾನ್ಸಿನ ರೇಮೊನ್ ಕಾಲ್ವೆಲ್ ಎಂಬ ಶಿಕ್ಷಕರು.

3. ನಾದುವುದು: ಉಪ್ಪು ಉದುರಿಸಿ 8ರಿಂದ 10 ನಿಮಿಷ ನಾದಿ. ಚಪಾತಿ ಹಿಟ್ಟಿಗಿಂತ ಇದು ಮೆತ್ತಗೆ, ಕೈಗೆ ಅಂಟುತ್ತದೆ. ಅಂಟಿತು ಅಂತ ಮೇಲಿಂದ ಮೇಲೆ ಮೈದಾ ಹಾಕ್ಬೇಡಿ, ಬ್ರೆಡ್ ಗಟ್ಟಿಯಾಗುತ್ತದೆ. ಕೈ ಒದ್ದೆ ಮಾಡಿಕೊಂಡು ನಾದಿ. ಒಂದು ಚೂರು ಹಿಟ್ಟನ್ನು ಎರಡೂ ಕೈಯಿಂದ ಎಳೆದಾಗ ಹರಿಯದೆ ಬಲೂನಿನಂತೆ ತೆಳುವಾದರೆ ಸಾಕು.

4. ಮೊದಲ ಬಾರಿ ಉಬ್ಬಲು: ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ಎರಡು ಪಟ್ಟು ಆಗುವ ತನಕ ಇಡಿ. ಕರಾವಳಿಯ ಸೆಕೆಯಲ್ಲಿ ಒಂದು ಗಂಟೆ ಸಾಕಾಗಬಹುದು. ಮಲೆನಾಡಿನ ಚಳಿಯಲ್ಲಿ ಎರಡು ಗಂಟೆಯೂ ಬೇಕು. ಇಡ್ಲಿ ಹಿಟ್ಟಿನ ಹಾಗೇ ಅಲ್ವಾ? ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ನಡುವೆ ಒಮ್ಮೆ ಹಿಟ್ಟಿನ ನಾಲ್ಕೂ ಬದಿಯನ್ನು ಎಳೆದು ಮಡಚಿದರೆ ಬಲ ಬರುತ್ತದೆ.

ಹೆಚ್ಚು ರುಚಿ ಬೇಕೆಂದರೆ ಯೀಸ್ಟ್ ಕಾಲು ಚಮಚ ಮಾತ್ರ ಹಾಕಿ, ರಾತ್ರಿ ಕಲಸಿ, ಒಂದು ಗಂಟೆ ಹೊರಗಿಟ್ಟು ನಂತರ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಹೊರತೆಗೆದು, ಎರಡು ಪಟ್ಟು ಆಗಿರದಿದ್ದರೆ ಆಗುವ ತನಕ ಬಿಟ್ಟು ಮುಂದುವರಿಸಿ. ನಿಧಾನವಾಗಿ ಹುದುಗಿದಷ್ಟೂ ರುಚಿ, ಪರಿಮಳ ಹೆಚ್ಚು.

5. ಆಕಾರ ಕೊಡುವುದು: ಹಿಟ್ಟನ್ನು ಮೂರು ಪಾಲು ಮಾಡಿ 15 ನಿಮಿಷ ಬಿಡಿ. ಪ್ರತಿ ಪಾಲನ್ನೂ ಅಂಗೈಯಿಂದ ತಟ್ಟಿ, ಪತ್ರ ಮಡಚಿದ ಹಾಗೆ ಮಡಚಿ, ಅಂಚನ್ನು ಒತ್ತಿ ಮುಚ್ಚಿ, ಒಂದು ಅಡಿ ಉದ್ದಕ್ಕೆ ಹೊಸೆಯಿರಿ. ಮನೆಯ ಸಣ್ಣ ಓವನ್‌ಗೆ ಇಷ್ಟೇ ಉದ್ದ ಹಿಡಿಸುತ್ತದೆ. ಅಂಚು ಕೆಳಗೆ ಬರುವಂತೆ ಹಿಟ್ಟು ಉದುರಿಸಿದ ತಟ್ಟೆಯಲ್ಲಿಡಿ.

6. ಎರಡನೇ ಬಾರಿ ಉಬ್ಬಲು: 30ರಿಂದ 45 ನಿಮಿಷ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ಕೂಡಲೇ ಮೇಲೆ ಬಂದರೆ ಇನ್ನೂ ಕಾಯಬೇಕು. ನಿಧಾನವಾಗಿ ಬಂದರೆ ಹದ. ಬಾರದೇ ಹೋದರೆ ಹೊತ್ತು ಮೀರಿದೆ, ತಡ ಮಾಡದೆ ಬೇಯಿಸಿ.

7. ಬೇಯಿಸುವುದು: ಓವನ್ ಅನ್ನು 230 ಡಿಗ್ರಿಗೆ 20 ನಿಮಿಷ ಮೊದಲೇ ಕಾಯಿಸಿ. ಬ್ರೆಡ್ಡಿನ ಮೇಲೆ ಹೊಸ ಬ್ಲೇಡಿನಿಂದ ಓರೆಯಾಗಿ ಮೂರು ಗೀರು ಹಾಕಿ. ಇದು ಅಂದಕ್ಕೆ ಮಾತ್ರವಲ್ಲ. ಬಿಸಿಗೆ ಉಬ್ಬುವ ಹಿಟ್ಟಿಗೆ ದಾರಿ ಬೇಕು, ಇಲ್ಲದಿದ್ದರೆ ಎಲ್ಲೆಂದರಲ್ಲಿ ಒಡೆಯುತ್ತದೆ. ಕೆಳಗಿನ ತಟ್ಟೆಯಲ್ಲಿ ಒಂದು ಲೋಟ ಕುದಿಯುವ ನೀರು ಇಡಿ. ಈ ಹಬೆಯೇ ಫ್ರೆಂಚ್ ಬ್ರೆಡ್ಡಿನ ಗುಟ್ಟು. ಹಬೆಯಿಂದ ಮೇಲ್ಪದರ ಬೇಗ ಒಣಗದೆ ಬ್ರೆಡ್ ಚೆನ್ನಾಗಿ ಉಬ್ಬುತ್ತದೆ, ಆಮೇಲೆ ಹೊಳಪಾಗಿ ಗರಿಗರಿ ಆಗುತ್ತದೆ. ನೀರು ಓವನ್ನಿನ ಗಾಜಿಗೆ, ಕಾಯುವ ಸರಳಿಗೆ ತಾಗದಿರಲಿ; ಬಾಗಿಲು ತೆರೆಯುವಾಗ ಮುಖ ದೂರವಿಡಿ. 12 ನಿಮಿಷದ ನಂತರ ನೀರಿನ ತಟ್ಟೆ ಹೊರತೆಗೆಯಿರಿ. ಒಟ್ಟು 22ರಿಂದ 25 ನಿಮಿಷಕ್ಕೆ ಹೊಂಬಣ್ಣ ಬರುತ್ತದೆ. ತಳಕ್ಕೆ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಅರ್ಧ ಗಂಟೆ ಆರಿದ ಮೇಲೆಯೇ ಕತ್ತರಿಸಿ. ಬಿಸಿಯಲ್ಲಿ ಕತ್ತರಿಸಿದರೆ ಒಳಗೆ ಮೇಣದ ಹಾಗೆ ಇರುತ್ತದೆ.

ಓವನ್ ಇಲ್ಲದಿದ್ದರೆ?

ದಪ್ಪ ತಳದ, ಭಾರವಾದ ಮುಚ್ಚಳವಿರುವ ಹಳೆಯ ಪಾತ್ರೆಯಲ್ಲಿ ಎರಡು ಅಂಗುಲ ಮರಳು ಹಾಕಿ, ಮುಚ್ಚಿ, 15 ನಿಮಿಷ ಕಾಯಿಸಿ. ಒಳಗೆ ಸ್ಟ್ಯಾಂಡ್ ಇಟ್ಟು ಅದರ ಮೇಲೆ ತಟ್ಟೆಯಲ್ಲಿ ಗುಂಡನೆಯ ಸಣ್ಣ ಬ್ರೆಡ್ ಇಡಿ. ಮಧ್ಯಮ ಉರಿಯಲ್ಲಿ 35 ನಿಮಿಷ ಬೇಯಿಸಿ, ಕೊನೆಗೆ ಮಗುಚಿ ಹಾಕಿ ಇನ್ನೂ 8 ನಿಮಿಷ ಇಡಿ. ಓವನ್ನಿನಷ್ಟು ಗರಿಗರಿ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೆ ಕೈ ಪಳಗಿಸಲು ಇದು ಸಾಕು. ಓವನ್ ಕೊಳ್ಳಲು ಸಾಲ ತೆಗೆಯುವ ಮೊದಲು ಹೀಗೆ ನಾಲ್ಕು ಸಲ ಮಾಡಿ ನೋಡಿ.

ತಪ್ಪಾದರೆ ಕಾರಣ ಹುಡುಕಿ

ಹಿಟ್ಟು ಏಳಲೇ ಇಲ್ಲ: ಯೀಸ್ಟ್ ಹಳೆಯದು, ಅಥವಾ ನೀರು ತೀರಾ ಬಿಸಿ.
ಬ್ರೆಡ್ ಗಟ್ಟಿ, ಭಾರ: ನೀರು ಕಡಿಮೆ, ಅಥವಾ ಉಬ್ಬಲು ಸಮಯ ಸಾಲಲಿಲ್ಲ.
ಓವನ್‌ನಲ್ಲಿ ಚಪ್ಪಟೆಯಾಯಿತು: ಹೆಚ್ಚು ಹೊತ್ತು ಉಬ್ಬಿಸಿದ್ದೀರಿ.
ಮೇಲ್ಪದರ ಬಿಳಿಚಿಕೊಂಡಿದೆ: ಓವನ್ ಸಾಕಷ್ಟು ಕಾದಿಲ್ಲ.
ಹುಳಿ ವಾಸನೆ: ಸೆಕೆಯಲ್ಲಿ ಹೆಚ್ಚು ಹೊತ್ತು ಇಟ್ಟಿದ್ದೀರಿ, ಮುಂದಿನ ಸಲ ಯೀಸ್ಟ್ ಕಡಿಮೆ ಮಾಡಿ.

ಎಷ್ಟು ದಿನ ಇಡಬಹುದು?

ಎಣ್ಣೆ, ಸಕ್ಕರೆ ಇಲ್ಲದ ಕಾರಣ ಈ ಬ್ರೆಡ್ ಮಾಡಿದ ದಿನವೇ ಚೆಂದ. ಮರುದಿನಕ್ಕೆ ಬಿರುಸಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ ಬಿರುಸು. ಹಾಗೆಂದು ಎಸೆಯಬೇಡಿ. ಬಿರುಸಾದ ಬ್ರೆಡ್ಡನ್ನು ಹಾಲು, ಮೊಟ್ಟೆಯಲ್ಲಿ ನೆನೆಸಿ ಕಾವಲಿಯ ಮೇಲೆ ಕಾಯಿಸುವ ತಿಂಡಿ ಫ್ರಾನ್ಸಿನಲ್ಲಿದೆ. ಅದರ ಹೆಸರಿನ ಅರ್ಥವೇ "ಕಳೆದುಹೋದ ಬ್ರೆಡ್"! ಒಣಗಿಸಿ ಪುಡಿ ಮಾಡಿದರೆ ಕಟ್ಲೆಟ್‌ಗೆ ಆಗುತ್ತದೆ.

ಮಾರುವ ಯೋಚನೆ ಇದ್ದರೆ

ಮೊದಲು ಲೆಕ್ಕ ಬರೆಯಿರಿ. ಮೈದಾ, ಯೀಸ್ಟ್, ಉಪ್ಪು, ಕಾಗದದ ಚೀಲ, ವಿದ್ಯುತ್, ಮತ್ತು ನಿಮ್ಮ ಕೂಲಿ. ಹೆಚ್ಚಿನವರು ಕೊನೆಯ ಎರಡನ್ನು ಮರೆತುಬಿಡ್ತಾರೆ. 1500 ವ್ಯಾಟ್‌ನ ಓವನ್ ಬಿಡದೆ ಒಂದು ಗಂಟೆ ಕಾದರೆ ಒಂದೂವರೆ ಯೂನಿಟ್. ಮೂರು ಬ್ರೆಡ್ ಬೇಯಿಸಿದರೂ ಅಷ್ಟೇ, ಓವನ್ ಕಾದಿರುವಾಗಲೇ ಇನ್ನೂ ಮೂರು ಇಟ್ಟರೆ ಒಂದಕ್ಕೆ ಬೀಳುವ ಖರ್ಚು ಕಡಿಮೆ. ಮರುದಿನಕ್ಕೆ ಉಳಿಯದ ವಸ್ತುವಾದ್ದರಿಂದ ಮೊದಲೇ ಹೇಳಿದವರಿಗಷ್ಟೇ ಮಾಡಿ. ಆಹಾರ ಮಾರಲು ಎಫ್.ಎಸ್.ಎಸ್.ಎ.ಐ. ನೋಂದಣಿ ಬೇಕು, ಮರೆಯಬೇಡಿ.

ಬೇಗ ಉಬ್ಬಲಿ, ಬೆಳ್ಳಗಾಗಲಿ ಎಂದು ಯಾವ ಪುಡಿಯನ್ನೂ ಸೇರಿಸಬೇಡಿ. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಹಾಗೆಯೇ, ಮೈದಾದಲ್ಲಿ ನಾರಿನಂಶ ಕಡಿಮೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ದಿನನಿತ್ಯದ ಆಹಾರವಲ್ಲ. ಮನೆಗೆ ಮಾಡುವಾಗ ಮೈದಾದ ಕಾಲು ಭಾಗ ಗೋಧಿ ಹಿಟ್ಟು ಸೇರಿಸಬಹುದು. ಆಗ ನೀರು ಎರಡು ಮೂರು ಚಮಚ ಹೆಚ್ಚು ಬೇಕು, ಉಬ್ಬುವುದು ಸ್ವಲ್ಪ ಕಡಿಮೆ.

ಅಂದು ಎದ್ದು ಹೋದ ಅಕ್ಕನನ್ನು ಎರಡನೇ ಸಲ ನಾವು ಮನೆಗೇ ಹೋಗಿ ಕರೆತಂದೆವು. ನೀರಿನ ಬಿಸಿ ನೋಡುವ ಕೆಲಸ ಅವರಿಗೇ ಕೊಟ್ಟೆವು. ಮೊಮ್ಮಗುವಿಗೆ ದಿನಾ ಸ್ನಾನ ಮಾಡಿಸುವ ಕೈ ಅದು. "ಇಷ್ಟು ಸಾಕು ಸಿಸ್ಟರ್" ಅಂದರು. ಹತ್ತು ನಿಮಿಷಕ್ಕೆ ನೊರೆ ಬಂತು.

ಕಲಿಯಬೇಕಾದದ್ದರಲ್ಲಿ ಅರ್ಧ ನಿಮ್ಮ ಕೈಗೆ ಈಗಾಗಲೇ ಗೊತ್ತಿದೆ, ಸಹೋದರಿಯರೇ. ಅರ್ಧ ಕಿಲೋ ಮೈದಾದಿಂದ ಪ್ರಾರಂಭಿಸಿ. ಏನಾಯಿತು, ಎಲ್ಲಿ ತಪ್ಪಿತು ಎಂದು ಮುಂದಿನ ಸಭೆಯಲ್ಲಿ ಮಾತಾಡೋಣ.