ನಾಯಿಗೂ ಒಂದು ಪಥ್ಯ

ಪಥ್ಯವೆಂದೊಡನೆ ನಮಗೆ ನೆನಪಾಗುವುದು ಬಾಣಂತಿಯ ಮೆಣಸಿನ ಸಾರು, ಜ್ವರದಿಂದೆದ್ದವರ ಗಂಜಿ. ಬಾಗಿಲು ಕಾಯುವ ನಾಯಿಗೂ ಪಥ್ಯವುಂಟೆಂದರೆ ಕೆಲವರು ನಕ್ಕಾರು. ಆದರೆ ಮೂತ್ರಪಿಂಡ ಸೋತ ನಾಯಿಗೆ ಪಥ್ಯವೇ ಬಹುಪಾಲು ಔಷಧ.

ಈ ಪಥ್ಯಕ್ಕೊಂದು ಸ್ವಾರಸ್ಯವಾದ ಇತಿಹಾಸವಿದೆ. ಅಮೆರಿಕದ ಮಾರಿಸ್ ಫ್ರ್ಯಾಂಕ್ ಎಂಬ ಅಂಧರು, ಕುರುಡರಿಗೆ ದಾರಿ ತೋರುವ ನಾಯಿಗಳನ್ನು ಪಳಗಿಸುವ ‘ಸೀಯಿಂಗ್ ಐ’ ಸಂಸ್ಥೆಯನ್ನು 1929ರಲ್ಲಿ ಸ್ಥಾಪಿಸಿದವರಲ್ಲೊಬ್ಬರು. 1930ರ ದಶಕದ ಕೊನೆಯ ವೇಳೆಗೆ ಅವರ ನಾಯಿ ಬಡ್ಡಿಯ ಮೂತ್ರಪಿಂಡಗಳು ಕೆಟ್ಟವು. ಒಡೆಯನಿಗೆ ಕಣ್ಣಾಗಿದ್ದ ಪ್ರಾಣಿ ಅದು. ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್ ಅದಕ್ಕೆಂದೇ ಆಹಾರವೊಂದನ್ನು ರೂಪಿಸಿದರು. ಮೊದಮೊದಲು ಗಾಜಿನ ಜಾಡಿಗಳಲ್ಲಿ ತುಂಬುತ್ತಿದ್ದ ಆ ಆಹಾರವನ್ನು 1948ರಲ್ಲಿ ಕ್ಯಾನ್ಸಾಸಿನ ಹಿಲ್ ಪ್ಯಾಕಿಂಗ್ ಕಂಪೆನಿ ಡಬ್ಬಿಗಳಲ್ಲಿ ತಯಾರಿಸತೊಡಗಿತು.

ಮೂತ್ರಪಿಂಡವು ಸದ್ದಿಲ್ಲದೆ ದುಡಿಯುವ ಅಂಗ. ಅದರ ಸೋಲೂ ಸದ್ದಿಲ್ಲದ್ದು. ಸುಮಾರು ಮೂರರಲ್ಲೆರಡು ಪಾಲು ಶಕ್ತಿ ಕುಂದಿದ ಮೇಲೆಯೇ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಪ್ರೋಟೀನು ಜೀರ್ಣವಾಗಿ ಉಳಿದ ಕಶ್ಮಲವು ರಕ್ತದಲ್ಲಿ ನಿಲ್ಲುತ್ತದೆ, ವಾಕರಿಕೆ ಬರುತ್ತದೆ. ಅದಕ್ಕೂ ಮಿಗಿಲಾದ ಶತ್ರು ರಂಜಕ, ಎಂದರೆ ಫಾಸ್ಫರಸ್. ಅದು ಹೊರಹೋಗದೆ ಉಳಿದು, ಅಳಿದುಳಿದ ಮೂತ್ರಪಿಂಡವನ್ನೂ ಸವೆಸುತ್ತದೆ.

ಇಲ್ಲಿಯೇ ಯಜಮಾನನ ಮನಸ್ಸಿಗೆ ಪರೀಕ್ಷೆ. ನಾವು ಅಕ್ಕರೆಯಿಂದ ಕೊಡುವ ಎಲುಬು, ಈಲಿ, ಹಾಲು, ಮೊಟ್ಟೆಯ ಹಳದಿ ಇವೆಲ್ಲವೂ ರಂಜಕದ ಕಣಜಗಳು. ಅನ್ನ ಮತ್ತು ಬೇಯಿಸಿದ ಮೊಟ್ಟೆಯ ಬಿಳಿಯಲ್ಲಿ ಅದು ಕಡಿಮೆ. ಹಾಗೆಂದು ಮಾಂಸವನ್ನು ಪೂರ್ತಿ ನಿಲ್ಲಿಸಿದರೆ ನಾಯಿಯ ಮೈಯೇ ಕರಗೀತು. ಬರಿಯ ಅನ್ನ, ಬಿಳಿಗಳಿಂದ ಪೂರ್ಣಾಹಾರವೂ ಆಗದು. ರಕ್ತಪರೀಕ್ಷೆಯ ಮೇಲೆ ಅಳತೆಯನ್ನು ಪಶುವೈದ್ಯರೇ ಗೊತ್ತುಮಾಡಬೇಕು. ದ್ರಾಕ್ಷಿ, ಒಣದ್ರಾಕ್ಷಿಗಳು ಆರೋಗ್ಯವಂತ ನಾಯಿಯ ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಅವು ಎಂದಿಗೂ ಸಲ್ಲವು. ನೀರನ್ನು ಮಾತ್ರ ಎಂದೂ ತಡೆಯಬಾರದು. ಮೂತ್ರ ಹೆಚ್ಚಿತೆಂದು ನೀರಿನ ಬಟ್ಟಲನ್ನೆತ್ತಿಡುವುದು ಘೋರ ತಪ್ಪು.

ಉಣ್ಣದ ಪಥ್ಯದಿಂದ ಫಲವಿಲ್ಲವಷ್ಟೆ. ವಾಕರಿಕೆಯಿರುವಾಗ ಹೊಸ ಆಹಾರವನ್ನಿಟ್ಟರೆ, ನಾಯಿ ಆ ವಾಸನೆಗೂ ಸಂಕಟಕ್ಕೂ ಗಂಟುಹಾಕಿ ಮುಂದೆ ಅದನ್ನು ಮೂಸಿಯೂ ನೋಡದು. ಹೊಟ್ಟೆ ಶಾಂತವಾದ ಮೇಲೆ ಹಳೆಯದರಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ತುಸು ಬೆಚ್ಚಗೆ ಮಾಡಿ, ದಿನಕ್ಕೆ ನಾಲ್ಕಾರು ಬಾರಿ ಕೊಡುವುದು ಲೇಸು.

ಇಷ್ಟೆಲ್ಲ ಶ್ರಮದಿಂದ ರೋಗ ವಾಸಿಯಾಗುವುದೆ? ಇಲ್ಲ. ದೊರೆಯುವುದು ಕಾಲ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 38 ನಾಯಿಗಳ ಒಂದು ಅಧ್ಯಯನದಲ್ಲಿ, ಸಾಮಾನ್ಯ ಆಹಾರ ತಿಂದವುಗಳ ಬದುಕಿನ ನಡುಗಡುವು 188 ದಿನ. ಪಥ್ಯದ ಆಹಾರ ತಿಂದವುಗಳದು 594 ದಿನ. ನಡುವಣ ಅಂತರ ನಾನೂರಕ್ಕೂ ಮಿಕ್ಕ ದಿನಗಳು. ನಮಗದು ವರ್ಷಕ್ಕಿಂತ ತುಸು ಹೆಚ್ಚು. ಹತ್ತು ಹನ್ನೆರಡು ವರ್ಷವಷ್ಟೇ ಬಾಳುವ ನಾಯಿಗೆ ಅದು ಆಯುಷ್ಯದ ಒಂದು ದೊಡ್ಡ ಪಾಲು. ಅದು ಎಲುಬಿಗಾಗಿ ನಮ್ಮ ಮುಖ ನೋಡಿದಾಗ ಕೈ ಹಿಂದೆಗೆಯುವುದು ಕಷ್ಟ. ಕೈ ಹಿಂದೆಗೆದವನ ಮುಖವನ್ನೂ ಅದು ಮಾರನೆಯ ಬೆಳಿಗ್ಗೆ ಅದೇ ಪ್ರೀತಿಯಿಂದಲೇ ನೋಡುತ್ತದೆ.