ಹಸಿರು ರಕ್ತ, ಕೋವಿ ಹೂವು

ಲೋಣಾವಳಾದಲ್ಲಿ ಮಳೆ ಬಿಡುವ ಲಕ್ಷಣ ಇರಲಿಲ್ಲ. ಭುಶಿ ಡ್ಯಾಮಿನ ರಸ್ತೆಯಲ್ಲಿ ಪುಣೆಯ ಅರ್ಧ, ಮುಂಬೈಯ ಅರ್ಧ ಕಾರುಗಳು ಬಂದು ಸಿಕ್ಕಿಕೊಂಡಿದ್ದವು. ನಾವು ಅಲ್ಲಿಗೆ ಹೋಗುವ ಆಸೆ ಬಿಟ್ಟು ಬಾಡಿಗೆ ಬಂಗಲೆಯ ಜಗಲಿಯಲ್ಲೇ ಚಿಕ್ಕಿ ಕಡಿಯುತ್ತ ಕೂತೆವು. ಸೆಪ್ಟೆಂಬರ್ ತಿಂಗಳ ಮೊದಲ ವಾರ. ಮೂಲೆಯ ಬೆತ್ತದ ಕುರ್ಚಿಯಲ್ಲಿ ತಂಗಿಯ ಮಗ, ಹದಿಮೂರು ವರ್ಷದವನು, ಮೊಬೈಲನ್ನು ಅಡ್ಡ ಹಿಡಿದು ಯುದ್ಧದಲ್ಲಿ ಮುಳುಗಿದ್ದ. ಹೆಬ್ಬೆರಳುಗಳು ಮಾತ್ರ ಆಡುತ್ತಿದ್ದವು, ಮಿಕ್ಕ ದೇಹ ಕಲ್ಲು.

ಹಿಂದೆ ನಿಂತು ನೋಡಿದೆ. ಹುಲ್ಲಿನಲ್ಲಿ ಅಡಗಿದ್ದ ಒಬ್ಬನಿಗೆ ಗುಂಡು ತಗುಲಿತು. ಅವನ ಮೈಯಿಂದ ಹಸಿರು ಚಿಮ್ಮಿತು, ಎಲೆ ಜಜ್ಜಿದರೆ ಬರುವಂಥ ಹಸಿರು.

"ಇದೇನೋ, ಇವರ ರಕ್ತ ಹಸಿರು?"

"ಅದು ರಕ್ತ ಅಲ್ಲ ಮಾಮಾ, ಹಿಟ್ ಎಫೆಕ್ಟ್." ಕತ್ತು ಎತ್ತಲಿಲ್ಲ.

ಅವನು ಆಡುತ್ತಿದ್ದುದು ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಊರ ಬಾಯಲ್ಲಿ ಇವತ್ತಿಗೂ ಪಬ್ಜಿಯೇ. ಆಟ ತೆರೆದ ಕೂಡಲೇ ಇದು ನಿಜ ಜಗತ್ತಲ್ಲ, ಕಾಲ್ಪನಿಕ ಜಗತ್ತು ಎಂಬ ಘೋಷಣೆ ಬರುತ್ತದೆ. ಇದರಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. 'ಕಿಲ್' ಹೋಗಿ 'ಫಿನಿಶ್' ಬಂದಿದೆ. ಕೊಂದೆ ಅನ್ನುವುದಕ್ಕಿಂತ ಮುಗಿಸಿದೆ ಅನ್ನುವುದೇ ನನ್ನ ಕಿವಿಗೆ ಹೆಚ್ಚು ಭಯಂಕರ, ಇರಲಿ. ಆದರೆ ಆ ಹಸಿರು ಎಲ್ಲಿಂದ ಬಂತು?

ಹುಡುಕುತ್ತ ಹೋದರೆ ಅದರ ವಂಶಾವಳಿ ಐವತ್ತು ವರ್ಷದ್ದು. 1976ರಲ್ಲಿ ಕ್ಯಾಲಿಫೋರ್ನಿಯಾದ ಎಕ್ಸಿಡಿ ಎಂಬ ಕಂಪನಿ 'ಡೆತ್ ರೇಸ್' ಎಂಬ ಆಟದ ಯಂತ್ರ ತಂದಿತು. ಕಡ್ಡಿ ಆಕಾರದ ಆಕೃತಿಗಳ ಮೇಲೆ ಕಾರು ಹತ್ತಿಸಬೇಕು. ಸತ್ತ ಜಾಗದಲ್ಲಿ ಶಿಲುಬೆ ಏಳುತ್ತದೆ. ಅಮೆರಿಕದಲ್ಲಿ ಹುಯಿಲೆದ್ದಾಗ ಕಂಪನಿ ಕೊಟ್ಟ ಸಮಜಾಯಿಷಿ, ಅವು ಮನುಷ್ಯರಲ್ಲ, ಗ್ರೆಮ್ಲಿನ್ ಎಂಬ ಕುಟ್ಟಿಪಿಶಾಚಿಗಳು ಅಂತ. ಆ ಸಮಜಾಯಿಷಿಯೇ ಮೂಲಪುರುಷ. ಮುಂದಿನದೆಲ್ಲ ಅದರ ಮರಿಮೊಮ್ಮಕ್ಕಳು.

1993ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಮನೆಮನೆಯ ಟೀವಿಗೆ ಬಂತು. ನಿಂಟೆಂಡೊ ಕಂಪನಿ ತನ್ನ ಯಂತ್ರದಲ್ಲಿ ರಕ್ತವನ್ನು ಬೂದು ಬಣ್ಣಕ್ಕೆ ತಿರುಗಿಸಿ ಬೆವರು ಅಂತ ಮಾಡಿತು. ಎದುರಾಳಿ ಸೆಗಾ, ಗುಪ್ತ ಸಂಕೇತವೊಂದನ್ನು ಒತ್ತಿದರೆ ಕೆಂಪು ರಕ್ತ ಬರುವಂತೆ ಬಿಟ್ಟಿತು. ಮಾರಾಟದಲ್ಲಿ ಕೆಂಪು ಗೆದ್ದಿತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಮರುವರ್ಷ ಆಟಗಳಿಗೆ ವಯಸ್ಸಿನ ಮುದ್ರೆ ಒತ್ತುವ ಮಂಡಳಿ ಹುಟ್ಟಿತು. ಮುದ್ರೆಯೇ ಬರುತ್ತಿರುವಾಗ ಇನ್ನೇನು ಭಯ ಅಂತ ನಿಂಟೆಂಡೊ ಕೂಡ ಎರಡನೇ ಭಾಗದಲ್ಲಿ ಕೆಂಪಿಗೆ ಇಳಿಯಿತು. ಹಸಿರು ದೊಡ್ಡ ಸುದ್ದಿಯಾದದ್ದು 1997ರಲ್ಲಿ, ಬ್ರಿಟನ್ನಿನಲ್ಲಿ. ದಾರಿಹೋಕರ ಮೇಲೆ ಕಾರು ಓಡಿಸುವ 'ಕಾರ್ಮಗೆಡ್ಡನ್' ಆಟಕ್ಕೆ ಅಲ್ಲಿನ ಸೆನ್ಸಾರ್ ಮಂಡಳಿ ಒಪ್ಪಿಗೆ ಕೊಡದಾಗ ದಾರಿಹೋಕರನ್ನೆಲ್ಲ ಹಸಿರು ರಕ್ತದ ಪ್ರೇತಗಳನ್ನಾಗಿ ಮಾಡಿ ಮಾರಿದರು. ಮೇಲ್ಮನವಿಯಲ್ಲಿ ಗೆದ್ದ ಮೇಲೆ ಮತ್ತೆ ಕೆಂಪು. ಜರ್ಮನಿಯವರಿಗಂತೂ ರೋಬಾಟುಗಳು, ಕಪ್ಪು ಎಣ್ಣೆ.

ಭಾರತಕ್ಕೆ ಈ ಜಗಳ ತಡವಾಗಿ ಬಂತು. ಬಂದಾಗ ಜಿಯೊ ಸಿಮ್ ಹಿಡಿದುಕೊಂಡೇ ಬಂತು. 2016ರ ಸೆಪ್ಟೆಂಬರಿನಿಂದ ಡೇಟಾ ನೀರಿನಂತೆ ಹರಿಯತೊಡಗಿತ್ತು. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವನು ಜಪಾನಿನ 'ಬ್ಯಾಟಲ್ ರಾಯಲ್' ಸಿನಿಮಾದ ಗುಂಗಿನಲ್ಲಿ ಹೆಣೆದಿದ್ದ ಪಬ್ಜಿ ಆಟ, ನೂರು ಮಂದಿ ಒಂದು ದ್ವೀಪಕ್ಕೆ ಧುಮುಕಿ ಕೊನೆಗೆ ಒಬ್ಬ ಉಳಿಯುವುದು, 2018ರಲ್ಲಿ ಮೊಬೈಲಿಗೆ ಇಳಿಯಿತು. ವರ್ಷ ತುಂಬುವುದರೊಳಗೆ ಅದು ಎಲ್ಲಿಗೆ ಮುಟ್ಟಿತೆಂದರೆ, 2019ರ ಜನವರಿಯಲ್ಲಿ ದೆಹಲಿಯ ತಾಲ್ಕಟೋರಾ ಕ್ರೀಡಾಂಗಣದಲ್ಲಿ ಒಬ್ಬ ತಾಯಿ ಮಗನ ಆಟದ ಗೀಳಿನ ಬಗ್ಗೆ ಕೇಳಿದರೆ ಪ್ರಧಾನಿ ಮೋದಿಯವರೇ "ಯೇ ಪಬ್‌ಜಿವಾಲಾ ಹೈ ಕ್ಯಾ?" ಅಂದರು. ಸಭೆ ಗೊಳ್ಳೆಂದಿತು. ಮಾರ್ಚಿನಲ್ಲಿ ರಾಜಕೋಟದ ಪೊಲೀಸರು ಆಟವನ್ನೇ ನಿಷೇಧಿಸಿ ಆಡುತ್ತ ಕೂತಿದ್ದ ಹುಡುಗರನ್ನು ಹಿಡಿದರು.

ಸೆಪ್ಟೆಂಬರಿನಲ್ಲಿ ನಗು ನಿಂತಿತು. ಕಿತ್ತೂರು ಚೆನ್ನಮ್ಮ ಹುಟ್ಟಿದ ಕಾಕತಿಯಲ್ಲಿ, ಬೆಳಗಾವಿಯಿಂದ ಕೂಗಳತೆಯಲ್ಲಿ, ಒಬ್ಬ ಯುವಕ ತಂದೆಯನ್ನೇ ಕೊಂದ. ಮೊಬೈಲ್ ಗೀಳಿಗೆ ಬೈದದ್ದೇ ಕಾರಣ ಅಂತ ಪೊಲೀಸರು ಹೇಳಿದರು, 'ಪಬ್ಜಿ ಕೊಲೆ' ಎಂದು ಪತ್ರಿಕೆಗಳು ಬರೆದವು. ಮರುದಿನದಿಂದ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಫೋನು ಬೀರು ಸೇರಿತೋ. ಕೋವಿ ಹಿಡಿಯುವ ಆಟದ ಹೆಸರು ಹೊತ್ತ ಆ ಕೊಲೆಯಲ್ಲಿ ಕೋವಿ ಇರಲಿಲ್ಲ ಅನ್ನುವುದು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ. ಅಲ್ಲಿದ್ದದ್ದು ಕುಡುಗೋಲು.

ಕೊನೆಗೆ 2020ರ ಸೆಪ್ಟೆಂಬರ್ 2ರಂದು ಪಬ್ಜಿ ದೇಶದಲ್ಲೇ ಬಂದಾಯಿತು. ಎಷ್ಟೋ ತಾಯಂದಿರು ದೇವರಿಗೆ ಕಾಯಿ ಒಡೆಸಿರಬೇಕು. ಆದರೆ ಆದೇಶದಲ್ಲಿ ಇದ್ದದ್ದು ದೇಶದ ಸಾರ್ವಭೌಮತೆ, ಮಾಹಿತಿಯ ಸುರಕ್ಷತೆ. ಚೀನಾ ಗಡಿಯ ಗಾಲ್ವಾನಿನ ಚಕಮಕಿಯ ನಂತರ ಚೀನಾದ ನಂಟಿನ 118 ಆ್ಯಪ್‌ಗಳನ್ನು ಒಟ್ಟಿಗೆ ಗುಡಿಸಿ ಹಾಕಿದಾಗ ಇದೂ ಹೋಯಿತು. ಹಿಂಸೆಯ ಮಾತೇ ಅಲ್ಲಿಲ್ಲ. ಬದಲಿಗೆ ಬೆಂಗಳೂರಿನ ಎನ್‌ಕೋರ್ ಕಂಪನಿ 2021ರ ಗಣರಾಜ್ಯೋತ್ಸವದಂದು 'ಫೌಜಿ' ತಂದಿತು. ಅದರ ಕಥೆ ಗಾಲ್ವಾನಿನದೇ. ಗಾಲ್ವಾನಿನಲ್ಲಿ ಗುಂಡು ಹಾರಿರಲಿಲ್ಲವಲ್ಲ, ಹಾಗಾಗಿ ಆಟದಲ್ಲೂ ಕೈಕೈ ಮಿಲಾಯಿಸಬೇಕು, ದೊಣ್ಣೆ ಬೀಸಬೇಕು. ಪಬ್ಜಿಗೆ ಕಾದಿದ್ದ ಹುಡುಗರು ಎರಡು ದಿನ ಆಡಿ, ಕೋವಿ ಎಲ್ಲಿ ಅಂತ ಗೊಣಗಿ ಬಿಟ್ಟರು.

ಅದೇ ವರ್ಷದ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಚೀನಾದ ಪಾಲುದಾರನನ್ನು ಬದಿಗಿಟ್ಟು ಆಟಕ್ಕೆ 'ಇಂಡಿಯಾ' ಎಂಬ ಬಾಲಂಗೋಚಿ ಸೇರಿಸಿ ಮರಳಿ ತಂದಿತು. ಹಸಿರು ನಮ್ಮಲ್ಲಿಗೆ ಬಂದದ್ದು ಈ ಗಳಿಗೆಯಲ್ಲಿ. ಜೊತೆಗೆ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ತಾಸು, ಆಡಲು ಪಾಲಕರ ಫೋನಿಗೆ ಬರುವ ಒಟಿಪಿ ಬೇಕು ಎಂಬ ಕಟ್ಟುಪಾಡು. ಚೀನಾದಲ್ಲಿ ಇದಕ್ಕಿಂತ ನಾಜೂಕು ನಡೆದಿತ್ತು. ಅಲ್ಲಿ 2019ರಲ್ಲೇ ಪಬ್ಜಿಯನ್ನು ಮುಚ್ಚಿ ಶಾಂತಿಯ ಹೆಸರಿಟ್ಟ ಇನ್ನೊಂದನ್ನು ತಂದಿದ್ದರು. ಗುಂಡು ತಗುಲಿದವನು ಮಂಡಿಯೂರಿ, ತನ್ನ ಸಾಮಾನಿನ ಪೆಟ್ಟಿಗೆ ಒಪ್ಪಿಸಿ, ಟಾಟಾ ಮಾಡಿ ಮಾಯವಾಗುತ್ತಾನೆ. 2022ರ ಜುಲೈನಲ್ಲಿ ನಮ್ಮ ಸರ್ಕಾರ ಹಸಿರು ರಕ್ತದ ಆಟವನ್ನೂ ತೆಗೆಸಿತು, ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು. ಕರ್ನಾಟಕ 2021ರಲ್ಲಿ ತಂದು ಹೈಕೋರ್ಟಿನಲ್ಲಿ ಸೋತ ಕಾನೂನು, 2025ರ ಆಗಸ್ಟಿನ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಇವೆರಡರ ಕಣ್ಣಿದ್ದದ್ದೂ ದುಡ್ಡು ಕಟ್ಟುವ ಆಟಗಳ ಮೇಲೆ. ಟೀವಿಯಲ್ಲಿ, ಶಾಲೆಯ ಪಾಲಕರ ಸಭೆಯಲ್ಲಿ ನಾವು ಹಿಂಸೆಯ ಬಗ್ಗೆ ಗಂಟಲು ಹರಿದುಕೊಂಡೆವು. ದೆಹಲಿಯ ಕಡತಗಳು ಚೀನಾ ಮತ್ತು ಹಣದ ಬಗ್ಗೆ ಇದ್ದವು.

ಹಾಗಾದರೆ ಆಟ ಆಡಿದವನು ಕೈ ಎತ್ತುತ್ತಾನೋ ಇಲ್ಲವೋ? ಆಕ್ಸ್‌ಫರ್ಡಿನ ಪ್ರಿಜಿಬಿಲ್ಸ್ಕಿ ಮತ್ತು ಕಾರ್ಡಿಫ್‌ನ ವೈನ್‌ಸ್ಟೀನ್ 2019ರಲ್ಲಿ ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರನ್ನೂ ಅವರ ಪಾಲಕರನ್ನೂ ಕೇಳಿ ನೋಡಿದಾಗ ಹಿಂಸೆಯ ಆಟಕ್ಕೂ ಆಕ್ರಮಣಶೀಲತೆಗೂ ನಂಟು ಸಿಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ, ಕೂಗಾಟ, ತಳ್ಳಾಟದಂಥ ಸಣ್ಣ ಪರಿಣಾಮ ಇದೆ, ಆದರೆ ಹತ್ಯಾಕಾಂಡಗಳಿಗೆ ಆಟವನ್ನು ಹೊಣೆ ಮಾಡಲು ಪುರಾವೆ ಸಾಲದು ಎಂದಿತು. ಆಟದಲ್ಲೇ ಬೆಳೆದ ಜಪಾನಿನಲ್ಲಿ ಗುಂಡಿಗೆ ಸಾಯುವವರು ಬೆರಳೆಣಿಕೆಯಷ್ಟು. ಅಲ್ಲಿ ಕೋವಿ ಸಿಗುವುದೇ ದುಸ್ತರ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ 'ಶಟ್ ಕ್ಲಿನಿಕ್' ತೆರೆದದ್ದು ಅತಿಬಳಕೆಗೆ, ನಿದ್ದೆ ಕೆಟ್ಟು ಓದು ಹಾಳಾದ ಮಕ್ಕಳಿಗೆ. ಆ ದೂರು ನನಗೆ ಅರ್ಥವಾಗುತ್ತದೆ. ಹಿಂಸೆಯ ದೂರು ಹೇಳುವಾಗ ಮಾತ್ರ ನಾಲಿಗೆ ತಡೆಯುತ್ತದೆ. ಸಣ್ಣವರಿದ್ದಾಗ ನಾವು ಬಯಲಾಟದ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ, ಭೀಮ ದುಶ್ಶಾಸನನ ಎದೆ ಬಗೆಯುವ ಹೊತ್ತಿಗೆ ನಿದ್ದೆ ಬಂದರೆ ಎಬ್ಬಿಸು ಅಂತ ಅಜ್ಜಿಗೆ ಹೇಳಿ ಮಲಗಿದವರು. ಬೊಗಸೆಯಲ್ಲಿ ಕೆಂಪು ನೀರು, ದ್ರೌಪದಿಯ ಮುಡಿ. ಹಸಿರು ಮಾಡಿ ಅಂತ ಯಾರೂ ಕೇಳಲಿಲ್ಲ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಟಗಳ ಮಾರಾಟಕ್ಕೆ ಕ್ಯಾಲಿಫೋರ್ನಿಯಾ ಹಾಕಿದ್ದ ಕಡಿವಾಣವನ್ನು 7-2ರಲ್ಲಿ ಕಿತ್ತುಹಾಕಿದಾಗ ನ್ಯಾಯಮೂರ್ತಿ ಸ್ಕಾಲಿಯ ಕೊಟ್ಟ ಉದಾಹರಣೆಯೂ ಅಜ್ಜಿಕಥೆಯದೇ: ಮುದುಕಿಯನ್ನು ಒಲೆಗೆ ನೂಕುವ ಹ್ಯಾನ್ಸೆಲ್ ಮತ್ತು ಗ್ರೆಟೆಲ್.

ಜಗಲಿಯಲ್ಲಿ ಈ ಮಾತು ನಡೆದಿರುವಾಗಲೇ ನಮ್ಮ ಜೊತೆಗಿದ್ದ ವಿರಾಜಪೇಟೆ ಕಡೆಯ ಗೆಳೆಯನಿಗೆ ಮನೆಯಿಂದ ವಿಡಿಯೊ ಕರೆ ಬಂತು. ಸೆಪ್ಟೆಂಬರ್ 3, ಕೈಲ್ ಪೊಳ್ದ್. ನಾಟಿ ಮುಗಿದು ಆಯುಧಗಳಿಗೆ ಪೂಜೆ ಮಾಡುವ ಕೊಡವರ ಹಬ್ಬ. ಫೋನಿನಲ್ಲಿ ಕುಲದ ಹಿರಿಮನೆಯಾದ ಐನ್‌ಮನೆಯ ದೀಪ, ಒರಗಿಸಿಟ್ಟ ಕೋವಿಗಳು, ಒಂದೊಂದರ ನಳಿಗೆಯ ತುದಿಗೂ ಸಿಕ್ಕಿಸಿದ ಕೆಂಪು-ಹಳದಿ ಬೆಂಕಿಯಂಥ ಹೂವು. 'ತೋಕ್ ಪೂ', ಅಂದರೆ ಕೋವಿ ಹೂವು. ಹುಡುಗ ಮೊದಲ ಬಾರಿಗೆ ತನ್ನ ಪರದೆ ಬಿಟ್ಟು ಎದ್ದು ಬಂದ.

"ಅಂಕಲ್, ಎಸ್686!"

ಗೆಳೆಯನಿಗೆ ತಿಳಿಯಲಿಲ್ಲ. ಆಟದಲ್ಲಿ ಜೋಡುನಳಿಗೆ ಕೋವಿಗೆ ಅದು ಹೆಸರು. ಗೆಳೆಯನ ಮನೆಯಲ್ಲಿ ಅದಕ್ಕೆ ಹೆಸರಿಲ್ಲ, 'ಅಜ್ಜನ ತೋಕ್' ಅಷ್ಟೇ.

ಆ ಕೋವಿ ಅಲ್ಲಿಗೆ ಬಂದ ದಾರಿಯೂ ಒಂದು ಕಥೆ. 1857ರ ಬಂಡಾಯದಿಂದ ಬೆಚ್ಚಿದ ಬ್ರಿಟಿಷರು ದೇಶದ ಜನರಿಂದ ಆಯುಧ ಕಸಿಯುವ ಕಾನೂನು ತಂದಾಗ, 1861ರಲ್ಲಿ ಮೈಸೂರು-ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ವಿನಾಯಿತಿ ಬರೆದುಕೊಟ್ಟ. ನಿಷ್ಠೆಗೆ ಕೊಟ್ಟ ಉಡುಗೊರೆ ಅದು. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ಅಮರ ಸುಳ್ಯದ ದಂಗೆಯನ್ನು ಹತ್ತಿಕ್ಕಲು ಕೊಡಗಿನ ದಿವಾನರು ಆ ಕಂಪನಿಯದೇ ಕೈ ಹಿಡಿದಿದ್ದರೆಂಬುದು ಹಬ್ಬದ ದಿನ ನೆನಪಿಸುವ ಮಾತಲ್ಲ. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೂ ವಿನಾಯಿತಿ ಮುಂದುವರಿಯಿತು, ಕೊಡವರಿಗೂ ಜಮ್ಮಾ ಎಂಬ ಪಿತ್ರಾರ್ಜಿತ ಭೂಮಿಯ ಹಿಡುವಳಿದಾರರಿಗೂ. 2019ರ ಅಕ್ಟೋಬರಿನಲ್ಲಿ ಕೇಂದ್ರ ಅದನ್ನು 2029ರ ತನಕ ಎಳೆಯಿತು. ಜಾತಿ ನೋಡಿ ಕೋವಿ ಕೊಡುವುದು ಯಾವ ನ್ಯಾಯ ಎಂದು ಹೈಕೋರ್ಟಿಗೆ ಹೋದ ಅರ್ಜಿ 2021ರ ಸೆಪ್ಟೆಂಬರಿನಲ್ಲಿ ಬಿದ್ದಿತು. ಪ್ರಶ್ನೆ ಮಾತ್ರ ಬೀಳಲಿಲ್ಲ. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿ ಹೊತ್ತು ಠಾಣೆಗೆ ಹೋಗುವ ಮಲೆನಾಡಿನ ರೈತನಿಗೆ ಆ ಪ್ರಶ್ನೆ ಬಾರದೆ ಇರುತ್ತದೆಯೆ?

ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ದಾಗ ಒಂದು ಎಂದು ಗೆಳೆಯ ವಿವರಿಸಿದ. ಹೆಣ್ಣು ಹುಟ್ಟಿದರೆ ಅಂತ ನನ್ನ ತಂಗಿ ಕೇಳಿದಳು. ಅವನು ಚಿಕ್ಕಿಯತ್ತ ಕೈ ಚಾಚಿದ. ಕೊಡಗಿನಲ್ಲಿ ಕೋವಿಯಿಂದ ಸಾವೇ ಇಲ್ಲವೆಂದರೆ ಸುಳ್ಳಾಗುತ್ತದೆ; ಆಸ್ತಿ ಜಗಳದಲ್ಲಿ, ಕುಡಿದ ಅಮಲಿನಲ್ಲಿ, ತೋಟದಲ್ಲಿ ಹಂದಿಯೆಂದು ಭ್ರಮಿಸಿ ಗುಂಡು ಹಾರಿದ ಸುದ್ದಿ ಆಗೀಗ ಬರುತ್ತದೆ. ಕಬ್ಬಿಣ ಕಬ್ಬಿಣವೇ. 2022ರ ಜೂನ್‌ನಲ್ಲಿ ಲಖನೌದಲ್ಲಿ ಹದಿನಾರರ ಹುಡುಗ ತಾಯಿಗೆ ಗುಂಡು ಹೊಡೆದ ಪ್ರಕರಣಕ್ಕೂ ಪತ್ರಿಕೆಗಳು ಪಬ್ಜಿಯ ಹೆಸರನ್ನೇ ಅಂಟಿಸಿದವು. ಅವನ ಕೈಗೆ ಸಿಕ್ಕಿದ್ದು ಅಪ್ಪನ ಲೈಸೆನ್ಸಿನ ಪಿಸ್ತೂಲು. ಕಾಕತಿ, ಲಖನೌ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನ್ನ ಕಣ್ಣು ಆಟಕ್ಕಿಂತ ಮೊದಲು ಬೀರುವಿನ ಬೀಗದ ಕಡೆ ಹೋಗುತ್ತದೆ.

ಸಂಜೆ ಮಳೆ ಸ್ವಲ್ಪ ಬಿಟ್ಟಿತು. ಟೈಗರ್ ಪಾಯಿಂಟಿನ ಕಡೆ ಹೊರಟೆವು. ದಾರಿಯಲ್ಲಿ ಹುಡುಗ ಪುಣೆಯಲ್ಲೇ ತಯಾರಾದ ಆಟದ ಬಗ್ಗೆ ಹೇಳಿದ. ಸೂಪರ್‌ಗೇಮಿಂಗ್ ಕಂಪನಿಯ 'ಇಂಡಸ್', 2024ರ ಅಕ್ಟೋಬರಿನಲ್ಲಿ ಬಂದದ್ದು. ವಿರ್ಲೋಕ್ ಎಂಬ ಗ್ರಹ, ಸಿಂಧೂ ನಾಗರಿಕತೆಯ ನೆರಳಿನ ಊರುಗಳು, ಕೈಯಲ್ಲಿ ಮಾತ್ರ ಕೋವಿಯೇ. ಪುಣೆಗೆ ಇದೇನು ಹೊಸದಲ್ಲ ಅನಿಸಿತು. ಖಡ್ಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ.

ಕಣಿವೆಯ ಅಂಚಿನಲ್ಲಿ, ಸುಟ್ಟ ಜೋಳದ ಹೊಗೆಯ ಪಕ್ಕದಲ್ಲಿ, ಬಲೂನಿಗೆ ಗುರಿಯಿಡುವ ಅಂಗಡಿ. ಅಂಗಡಿಯವನು ಏರ್ ರೈಫಲ್ಲನ್ನು ನಡುವೆ ಮುರಿದು, ಬಾಯಲ್ಲಿ ಇಟ್ಟುಕೊಂಡಿದ್ದ ಸೀಸದ ಛರ್ರೆಯೊಂದನ್ನು ತೆಗೆದು ತುರುಕಿ, ಟಕ್ಕೆಂದು ಕೂಡಿಸಿ ಕೊಟ್ಟ. ಹುಡುಗನ ತೋಳು ಇಳಿಯಿತು. ಇಷ್ಟು ಭಾರ ಇರುತ್ತದೆಂದು ಅವನು ಎಣಿಸಿರಲಿಲ್ಲ. ಸ್ಕೋಪ್ ಇಲ್ವಾ ಅಂದ. ಮುಚ್ಚಬಾರದ ಕಣ್ಣು ಮುಚ್ಚಿದ. ಮೊದಲನೆಯದು ಹಲಗೆಗೆ, ಎರಡನೆಯದು ಎಲ್ಲಿಗೋ. ಮೂರನೆಯದಕ್ಕೂ ಬಲೂನು ಒಡೆಯದಾಗ ನಗುತ್ತ, ರೈಫಲ್ ಹಿಡಿದುಕೊಂಡೇ ನಮ್ಮ ಕಡೆ ತಿರುಗಿದ.

ಗೆಳೆಯ ಅಷ್ಟು ಚುರುಕಾಗಿ ಚಲಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂಗೈಯಿಂದ ನಳಿಗೆಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ, ತುಟಿ ಬಿಳಿಚಿತ್ತು.

"ಖಾಲಿ ಇದೆ ಅಂಕಲ್."

"ಖಾಲಿ ಇದ್ದರೂ. ಮನುಷ್ಯರ ಕಡೆ ಇಲ್ಲ."

ಅಂಗಡಿಯವನಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು, ತಲೆಯಾಡಿಸಿದ. ಇನ್ನೂ ಏಳು ಬಾಕಿ ಎಂದು ಮರಾಠಿಯಲ್ಲಿ ಹೇಳಿ ಮತ್ತೊಂದು ಛರ್ರೆ ತುಂಬಿದ. ಹುಡುಗ ಈ ಬಾರಿ ಎತ್ತುವ ಮುಂಚೆ ಒಮ್ಮೆ ಹಿಂತಿರುಗಿ ನೋಡಿದ, ಕತ್ತು ಮಾತ್ರ ತಿರುಗಿಸಿ.