ಒಂದೇ ರಕ್ತ ಅಂತ ಮೊದಲು ಬರೆದವರು ಯಾರು?

2023ರ ಡಿಸೆಂಬರ್ ಕೊನೆಯಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಒಂದು ಮಾತು ಹೇಳಿದರು. ದಕ್ಷಿಣದವರು ಇನ್ನು ನಮ್ಮ ಬಂಧುಗಳಲ್ಲ, ಅದೊಂದು ಶತ್ರು ದೇಶ, ಅಷ್ಟೇ ಅಂತ. ಮರು ತಿಂಗಳೇ ಪ್ಯೊಂಗ್ಯಾಂಗ್‌ನಲ್ಲಿದ್ದ ಏಕೀಕರಣದ ಸ್ಮಾರಕವನ್ನೂ ತೆಗೆದುಹಾಕಿ ಅಂದರು. ಕ್ಷಿಪಣಿ, ಅಣುಬಾಂಬುಗಳ ಸುದ್ದಿಯ ನಡುವೆ ಇದು ನಮಗೆ ಚಿಕ್ಕ ಸುದ್ದಿಯಾಗಿ ಕಂಡಿರಬಹುದು. ಆದರೆ ಕೊರಿಯಾದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಯುದ್ಧ ಮಾಡಿದರೂ, ಮಧ್ಯೆ ಮುಳ್ಳುತಂತಿ ಹಾಕಿಕೊಂಡರೂ, ನಾವಿಬ್ಬರೂ ಒಂದೇ ರಕ್ತ ಅನ್ನೋದನ್ನು ಎರಡೂ ಕಡೆಯವರು ಅಲ್ಲಿಯವರೆಗೆ ಬಿಟ್ಟುಕೊಟ್ಟಿರಲಿಲ್ಲ.

ಆ 'ಒಂದೇ ರಕ್ತ' ಅನ್ನೋ ಮಾತಿಗೆ ವಯಸ್ಸೆಷ್ಟು? ಐದು ಸಾವಿರ ವರ್ಷ ಅಂತಾರೆ ಕೊರಿಯನ್ನರು. ದಂಗುನ್ ಎಂಬ ಮೂಲಪುರುಷನ ಮಕ್ಕಳು ನಾವು ಅನ್ನೋದು ಅವರ ನಂಬಿಕೆ. ದಂಗುನ್‌ನ ಕತೆ ಹಳೆಯದೇ, ಅನುಮಾನ ಬೇಡ. ಆದರೆ ದೇಶದಲ್ಲಿರುವ ಅಷ್ಟೂ ಜನ ಒಂದೇ ಕುಲದವರು ಅನ್ನೋ ವಿಚಾರ ಜನರ ಮನಸ್ಸಿಗೆ ಇಳಿದದ್ದು ನೂರು ಚಿಲ್ಲರೆ ವರ್ಷಗಳ ಹಿಂದೆ. ಇಳಿಸಿದ್ದು ಸೈನ್ಯವಲ್ಲ. ಪತ್ರಿಕೆ, ಕಾದಂಬರಿ, ಕವಿತೆ.

ಯೋಚನೆ ಮಾಡಿ. ಹಳೇ ಕೊರಿಯಾದಲ್ಲಿ ಯಾಂಗ್‌ಬಾನ್ ಅನ್ನೋ ಮೇಲ್ವರ್ಗವಿತ್ತು, ತಲೆಮಾರುಗಳಿಂದ ಗುಲಾಮರಾಗಿದ್ದವರೂ ಇದ್ದರು. ಗುಲಾಮಗಿರಿಯನ್ನು ಕಾನೂನಿನಲ್ಲಿ ತೆಗೆದದ್ದೇ 1894ರಲ್ಲಿ. ತನ್ನ ಆಳೂ ತಾನೂ ಒಂದೇ ರಕ್ತ ಅಂತ ಯಾವ ಯಜಮಾನ ಒಪ್ಪುತ್ತಿದ್ದ? ಬರವಣಿಗೆಯೂ ಹಾಗೇ ಹೋಳಾಗಿತ್ತು. ಪಂಡಿತರಿಗೆ ಚೀನೀ ಲಿಪಿ. ಸೆಜೊಂಗ್ ದೊರೆ 1446ರಲ್ಲೇ ಜಾರಿಗೆ ತಂದ ಹಂಗುಲ್ ಲಿಪಿ ಹೆಂಗಸರಿಗೆ, ಬಡವರಿಗೆ ಅನ್ನೋ ತಾತ್ಸಾರ. 1896ರಲ್ಲಿ ಪೂರ್ತಿ ಹಂಗುಲ್‌ನಲ್ಲೇ ಪತ್ರಿಕೆಯೊಂದು ಹೊರಬಂತು. ಹೆಸರು 'ದೊಂಗ್‌ನಿಪ್ ಸಿನ್‌ಮುನ್', ಅಂದರೆ ಸ್ವಾತಂತ್ರ್ಯ ಪತ್ರಿಕೆ. ಯಜಮಾನನೂ ಆಳೂ ಓದಬಹುದಾದ ಒಂದೇ ಹಾಳೆ! 'ನಾವು' ಅನ್ನೋ ಪದಕ್ಕೆ ಜಾಗ ಸಿಕ್ಕಿದ್ದು ಅಲ್ಲಿ.

ಅಷ್ಟರಲ್ಲಿ ಜಪಾನ್ ಬಂತು. 1905ರಲ್ಲಿ ಕೊರಿಯಾವನ್ನು ತನ್ನ ರಕ್ಷಣೆಯಡಿ ಅಂತ ಹಿಡಿದುಕೊಂಡಿತು, 1910ರಲ್ಲಿ ನುಂಗಿಯೇ ಬಿಟ್ಟಿತು. ಇಲ್ಲೊಂದು ಸೂಕ್ಷ್ಮ ಇದೆ. ಭಾರತವನ್ನು ಆಳಿದ ಬ್ರಿಟಿಷರು ನೀವೂ ನಾವೂ ಒಂದೇ ಅಂತ ಹೇಳಲಿಲ್ಲ. ಜಪಾನೀಯರು ಹೇಳಿದರು. ನಮ್ಮಿಬ್ಬರ ಪೂರ್ವಜರು ಒಬ್ಬರೇ, ನೀವು ಮನೆಗೆ ವಾಪಸ್ ಬಂದಿದ್ದೀರಿ, ಅಷ್ಟೇ ಅಂತ! ಹೀಗೆ ಅಪ್ಪಿಕೊಂಡೇ ಉಸಿರುಗಟ್ಟಿಸುವವನ ಕೈಯಿಂದ ಬಿಡಿಸಿಕೊಳ್ಳೋದು ಹೇಗೆ? ನಮ್ಮ ರಕ್ತವೇ ಬೇರೆ ಅಂತ ಹೇಳಬೇಕು.

ಹೇಳಿದವರು ಶಿನ್ ಚೇ ಹೋ ಎಂಬ ಪತ್ರಕರ್ತ. 1908ರಲ್ಲಿ ಪತ್ರಿಕೆಯೊಂದರಲ್ಲಿ ಇತಿಹಾಸದ ಲೇಖನಮಾಲೆ ಬರೆದರು. ಇತಿಹಾಸ ಅಂದರೆ ರಾಜವಂಶಗಳ ಪಟ್ಟಿಯಲ್ಲ, ಅದು 'ಮಿನ್‌ಜೊಕ್' ಅನ್ನೋ ಜನಕುಲದ ಕತೆ, ಆ ಕುಲ ದಂಗುನ್‌ನಿಂದ ಬಂದದ್ದು ಅಂತ ವಾದಿಸಿದರು. ತಮಾಷೆ ಏನು ಗೊತ್ತಾ? 'ಮಿನ್‌ಜೊಕ್' ಅನ್ನೋ ಪದವೇ ಜಪಾನಿನ 'ಮಿನ್‌ಝೊಕು'ವಿನಿಂದ ಬಂದದ್ದು. ಎದುರಾಳಿಯ ಕತ್ತಿಯನ್ನೇ ಕಿತ್ತುಕೊಂಡು ಬೀಸಿದ ಹಾಗೆ. ಶಿನ್ ಆಮೇಲೆ ದೇಶಾಂತರ ಹೋದರು, ಕಾದಂಬರಿ ಬರೆದರು, 1923ರಲ್ಲಿ ಕ್ರಾಂತಿಯ ಘೋಷಣಾಪತ್ರವನ್ನೂ ಬರೆದರು. 1928ರಲ್ಲಿ ಸೆರೆಸಿಕ್ಕರು. 1936ರಲ್ಲಿ ಜೈಲಿನಲ್ಲೇ ತೀರಿಕೊಂಡರು.

ಇನ್ನೊಬ್ಬರು ಯಿ ಗ್ವಾಂಗ್ ಸು. ಕೊರಿಯಾದ ಮೊದಲ ಆಧುನಿಕ ಕಾದಂಬರಿ ಅಂತ ಹೇಳುವ 'ಮುಜೊಂಗ್' ಇವರದ್ದು. ಹೆಸರಿನ ಅರ್ಥ 'ಕರುಣೆಯಿಲ್ಲದ್ದು'. 1917ರಲ್ಲಿ ಧಾರಾವಾಹಿಯಾಗಿ ಬಂತು, ಅದೂ ಜಪಾನಿ ಸರ್ಕಾರದ ಮುಖವಾಣಿ ಪತ್ರಿಕೆಯಲ್ಲಿ! ಕತೆಯಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು, ಅವನ ಎದುರು ಇಬ್ಬರು ಹುಡುಗಿಯರು. ಒಬ್ಬಳು ಸಾಹುಕಾರನ ಮಗಳು, ಇನ್ನೊಬ್ಬಳು ಅಪ್ಪನನ್ನು ಜೈಲಿನಿಂದ ಬಿಡಿಸಲು ತನ್ನನ್ನೇ ಮಾರಿಕೊಂಡು ಹಾಡುವ, ಕುಣಿಯುವ ಗೀಸೆಂಗ್ ಆದವಳು. ಕೊನೆಗೆ ಎಲ್ಲರೂ ಒಂದೇ ರೈಲಿನಲ್ಲಿ ಸೇರುತ್ತಾರೆ. ಪ್ರವಾಹ ಬಂದು ರೈಲು ನಿಲ್ಲುತ್ತದೆ. ಮನೆಮಠ ಕಳಕೊಂಡ ಹಳ್ಳಿಯವರಿಗಾಗಿ ಇವರು ನಿಲ್ದಾಣದಲ್ಲೇ ಸಂಗೀತ ಕಾರ್ಯಕ್ರಮ ಮಾಡಿ ದುಡ್ಡು ಎತ್ತುತ್ತಾರೆ. ಓದಿ ಬಂದು ಈ ಜನರನ್ನು ಎತ್ತಬೇಕು ಅಂತ ತೀರ್ಮಾನ ಮಾಡುತ್ತಾರೆ. ಪ್ರೇಮಕತೆ ಓದಲು ಕೂತವರ ಕೈಗೆ ದೇಶ ಸಿಕ್ಕಿತ್ತು.

ಎರಡೇ ವರ್ಷ. 1919ರ ಫೆಬ್ರವರಿ 8ರಂದು ಟೋಕಿಯೊದಲ್ಲಿ ಕೊರಿಯನ್ ವಿದ್ಯಾರ್ಥಿಗಳು ಓದಿದ ಸ್ವಾತಂತ್ರ್ಯ ಘೋಷಣೆಯ ಕರಡು ಇದೇ ಯಿ ಬರೆದದ್ದು. ಮಾರ್ಚ್ 1ರಂದು ಇಡೀ ಕೊರಿಯಾ ಬೀದಿಗಿಳಿದಾಗ ಓದಿದ ಘೋಷಣೆ ಬರೆದವರು ಅವರ ಗೆಳೆಯ, ಕವಿ ಚ್ವೆ ನಾಮ್ ಸೊನ್.

ಆಮೇಲೆ ಏನಾಯ್ತು? 1922ರಲ್ಲಿ ಯಿ ಒಂದು ಪ್ರಬಂಧ ಬರೆದರು. ನಮ್ಮ ಜನಕುಲದ ಸ್ವಭಾವವೇ ಕೆಟ್ಟುಹೋಗಿದೆ, ಮೊದಲು ಅದನ್ನು ತಿದ್ದಬೇಕು, ರಾಜಕೀಯ ಆಮೇಲೆ ಅಂತ. ಓದುಗರು ಸಿಟ್ಟಾದರು. 1937ರಲ್ಲಿ ಜಪಾನಿ ಪೊಲೀಸರು ಅವರನ್ನು ಬಂಧಿಸಿದರು. ಅಲ್ಲಿಂದ ಈಚೆಗೆ ಕಾಣುವುದು ಬೇರೆಯೇ ಮನುಷ್ಯ. 1940ರಲ್ಲಿ ಅವರ ಹೆಸರು ಕಾಯಾಮಾ ಮಿತ್ಸುರೊ. ಕೊರಿಯನ್ ಹುಡುಗರು ಚಕ್ರವರ್ತಿಯ ಸೈನ್ಯಕ್ಕೆ ಸೇರಲಿ ಅಂತ ಕರೆ ಕೊಟ್ಟರು. ಚ್ವೆ ಕೂಡ ಅದೇ ದಾರಿ ಹಿಡಿದರು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, 'ಮಿನ್‌ಜೊಕ್' ವಿರೋಧಿ ಕೃತ್ಯದ ಕಾನೂನಿನಡಿ ಇಬ್ಬರೂ ಬಂಧನಕ್ಕೊಳಗಾದರು. ಯಿ ಕೊಟ್ಟ ಸಮಜಾಯಿಷಿ ಏನು? ನಾನು ಮಾಡಿದ್ದೆಲ್ಲ ಮಿನ್‌ಜೊಕ್‌ಗಾಗಿಯೇ ಅಂತ!

ಇದನ್ನು ಬರೀ ದ್ರೋಹ ಅಂತ ಕೈತೊಳೆದುಕೊಂಡರೆ ಪಾಠ ತಪ್ಪಿಹೋಗುತ್ತದೆ. ಪೊಲೀಸರ ಒತ್ತಡ ಇತ್ತು, ನಿಜ. ಆದರೆ ನನಗೆ ಕಾಣುವುದು ಇನ್ನೊಂದು. 'ಕುಲ' ಅನ್ನೋ ದೊಡ್ಡ ಪದವನ್ನು ಪ್ರೀತಿಸುತ್ತಾ ಪ್ರೀತಿಸುತ್ತಾ, ಕಣ್ಣೆದುರಿನ ಜನ ಅದಕ್ಕೆ ಲಾಯಕ್ಕಿಲ್ಲ ಅಂತ ಅನ್ನಿಸಿಬಿಟ್ಟರೆ, ಅವರನ್ನು ಯಾರಿಗೆ ಬೇಕಾದರೂ ಒಪ್ಪಿಸಬಹುದು. ತಿದ್ದುವ ಹೆಸರಿನಲ್ಲೇ ಒಪ್ಪಿಸಬಹುದು. ಪ್ರವಾಹದಲ್ಲಿ ನೆನೆದವರಿಗಾಗಿ ಹಾಡಿಸಿದ ಅದೇ ಲೇಖನಿ, ಬೇರೆಯವರ ಯುದ್ಧಕ್ಕೆ ಹುಡುಗರನ್ನು ಕರೆಯಿತು.

ಅದೇ ಕಾಲದಲ್ಲಿ ಬಾಗದ ಕವಿಯೂ ಇದ್ದರು. ಬೌದ್ಧ ಸನ್ಯಾಸಿ ಹಾನ್ ಯೋಂಗ್ ಉನ್. ಮಾರ್ಚ್ 1ರ ಘೋಷಣೆಗೆ ಸಹಿ ಹಾಕಿದ 33 ಜನರಲ್ಲಿ ಒಬ್ಬರು, ಜೈಲಿಗೂ ಹೋದವರು. 1926ರ ಅವರ ಕವನ ಸಂಕಲನ ಇಡೀ 'ನಿಮ್' ಅನ್ನೋ ಪ್ರೀತಿಪಾತ್ರರ ಸುತ್ತ ಇದೆ. ಆ 'ನಿಮ್' ಪ್ರಿಯನೋ, ಬುದ್ಧನೋ, ಕಳೆದುಹೋದ ನಾಡೋ? ಓದುಗನಿಗೇ ಬಿಟ್ಟರು. ನಮ್ಮ ರವೀಂದ್ರನಾಥ ಟ್ಯಾಗೋರರನ್ನು ಓದಿ ಬರೆದ ಕವಿತೆಯೂ ಅದರಲ್ಲಿದೆ. ಹಾನ್ 1944ರಲ್ಲಿ, ಬಿಡುಗಡೆಗೆ ಒಂದು ವರ್ಷ ಮುಂಚೆ ತೀರಿಕೊಂಡರು. ಜಪಾನಿಗೆ ತಲೆಬಾಗಲಿಲ್ಲ.

ಹಾಗಾದರೆ 'ಒಂದೇ ರಕ್ತ' ಅಂದದ್ದು ತಪ್ಪಾ? 1908ರಲ್ಲಿ ಅದು ಗುರಾಣಿ. ಭಾಷೆ, ಹೆಸರು ಎರಡನ್ನೂ ಕಸಿಯುತ್ತಿದ್ದವರ ಎದುರು ಅದು ಬೇಕಿತ್ತು. ಆದರೆ ಯುದ್ಧ ಮುಗಿದ ಮೇಲೂ ಇಳಿಸದ ಗುರಾಣಿ ಗೋಡೆಯಾಗುತ್ತದೆ. ದಕ್ಷಿಣ ಕೊರಿಯಾದಲ್ಲಿ ವಿದೇಶಿ ತಾಯಿಯ ಮಕ್ಕಳು ಬೆಳೆಯತೊಡಗಿದಾಗ, ಈ 'ಶುದ್ಧ ರಕ್ತ' ಅವರನ್ನು ಹೊರಗೇ ನಿಲ್ಲಿಸಿತು. 2007ರಲ್ಲಿ ಅಲ್ಲಿನ ಸರ್ಕಾರ ಧ್ವಜ ಪ್ರತಿಜ್ಞೆಯಿಂದ 'ಮಿನ್‌ಜೊಕ್' ಪದ ತೆಗೆದು, ಸ್ವತಂತ್ರ, ನ್ಯಾಯಯುತ ಗಣರಾಜ್ಯ ಅಂತ ಸೇರಿಸಿತು. ಅಲ್ಲಿ ಪದ ತೆಗೆದದ್ದು ಹೊಸಬರನ್ನು ಒಳಗೆ ಕರೆಯಲು. ಕಿಮ್ ಆ ಬಂಧವನ್ನು ಕಡಿದದ್ದು ನೆರೆಯವನನ್ನು ಶತ್ರು ಅನ್ನಲು.

ನನ್ನ ಕೆಲಸ ದಿನಾ ರಾತ್ರಿ ಇಂಥ ದೊಡ್ಡ ಪದಗಳನ್ನು ಮೈಕಿನ ಮುಂದೆ ಹೇಳೋದು. ಕುಲ, ರಕ್ತ, ನಮ್ಮವರು. ಕೇಳುವವರಾದ ನೀವು ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಪದ ಈಗ ಯಾರನ್ನು ಕಾಯುತ್ತಿದೆ, ಯಾರನ್ನು ಹೊರಗೆ ನಿಲ್ಲಿಸುತ್ತಿದೆ? ಉತ್ತರ ಹೇಳದೆ ಬರೀ ಪದವನ್ನೇ ಜೋರಾಗಿ ಕೂಗುವವರಿದ್ದರೆ, ಅದು ನಾನೇ ಆಗಿದ್ದರೂ ಸರಿ, ಸ್ವಲ್ಪ ಅನುಮಾನದಿಂದಲೇ ಕೇಳಿಸಿಕೊಳ್ಳಿ.